ಬಡಿದು ನೋಡಬೇಕು

ಶಹಾಬಾದಿನ ನಮ್ಮ ಶಾಲೆಯಲ್ಲಿ ನೆಲವೂ ಫರಸಿ, ಕಟ್ಟೆಯೂ ಫರಸಿ,
ನೀರಿನ ಕೊಡದ ಮೇಲೆ ಮುಚ್ಚಿದ್ದೂ ಒಂದು ಫರಸಿ ತುಂಡು.
ಹಾಗಾಗಿ ಒಂಬತ್ತನೇ ಇಯತ್ತೆಗೆ
ಪದಾರ್ಥದ ಗುಣಗಳ ಪಾಠ ಬಂದಾಗ
ಗಂಧಕವನ್ನೂ ತಾಮ್ರವನ್ನೂ ಕಪಾಟಿನಲ್ಲೇ ಬಿಟ್ಟು
(ಕಪಾಟಿನ ಕೀಲಿ ಹೆಡ್‌ಮಾಸ್ತರರ ಹತ್ತಿರ,
ಹೆಡ್‌ಮಾಸ್ತರರು ಕಲಬುರಗಿಯಲ್ಲಿ)
ಬಾಗಿಲಿಗೆ ಅಡ್ಡ ಇಡುವ ಕಲ್ಲನ್ನೇ ಮೇಜಿನ ಮೇಲಿಟ್ಟೆ.

ಹೇಳ್ರಿ, ಇದರ ಭೌತಿಕ ಗುಣ.

ಬಣ್ಣ ಬೂದಿ, ಟೀಚರ್. ಮುಟ್ಟಿದರ ತಂಪು.
ನೀರಿಗೆ ಹಾಕಿದರ ಮುಳಗ್ತದ.
ಮಧ್ಯಾಹ್ನ ಬರಿಗಾಲಿಲೆ ನಿಂತರ ತಂಪಿಲ್ರೀ,
ಅಂದ ಹಿಂದಿನ ಬೆಂಚಿನ ಮೌಲಾಲಿ.
ಅದನ್ನೂ ಬರೆದುಕೊಂಡೆ.

ಸಾಬವ್ವ ಮಾತ್ರ ಎದ್ದು ಬಂದಳು.
ಬೆರಳ ಗೆಣ್ಣಿನಿಂದ ಕಲ್ಲನ್ನು ಎರಡು ಸಲ ಬಡಿದು
ಕಿವಿ ಇಟ್ಟಳು,
ಕದ ತಟ್ಟಿ ಒಳಗಿನವರ ಹೆಜ್ಜೆಗೆ ಕಾಯುವಂತೆ.
ಠಣ್ ಅಂತದ್ರೀ. ಒಳಗ ಬಿರುಕಿಲ್ಲ.
ಬಿರುಕಿದ್ದರ ಬದ್ದ್ ಅಂತದ.
ಖಣ್ಯಾಗ ನಮ್ಮವ್ವ ಹಿಂಗೇ ಆರಸ್ತಾಳ, ಕಣ್ಣಿಲೆ ಅಲ್ಲ.

ಪಠ್ಯದಲ್ಲಿ ದನಿ ಇರಲಿಲ್ಲ.
ಸಾಂದ್ರತೆ, ಗಡಸುತನ, ಕರಗುವ ಬಿಂದು,
ಇವುಗಳ ಕೆಳಗೆ ಸೀಮೆಸುಣ್ಣದಲ್ಲಿ ಬರೆದೆ: ದನಿ.

ಆಮೇಲೆ ನಿಂಬೆಹಣ್ಣು.
ಹಿಂಡಿದ ಕಡೆ ಕಲ್ಲು ಸಣ್ಣಗೆ ನೊರೆಗಟ್ಟಿತು.
ಇದು ರಾಸಾಯನಿಕ ಗುಣ, ಅಂದೆ.
ಮೊದಲಿನವು, ಕಲ್ಲು ಕಲ್ಲಾಗಿದ್ದಾಗಲೇ ತಿಳಿಯುವಂಥವು.
ಇದು ಹಾಗಲ್ಲ. ಇದು ತಿಳಿಯಬೇಕಾದರೆ
ಕಲ್ಲು ಬೇರೆ ಏನೋ ಆಗಬೇಕು.

ಹದಿನಾಲ್ಕು ವರ್ಷ ಹೇಳಿದ ಮಾತು, ಯಾರೂ ತಡೆದಿರಲಿಲ್ಲ.
ಆದ ಮ್ಯಾಲ ಅದು ಇರಂಗೇ ಇಲ್ಲಲ್ರೀ, ಅಂದಳು ಸಾಬವ್ವ.
ಇಲ್ಲದ ಕಲ್ಲಿಗಿ ಗುಣ ಹ್ಯಾಂಗ ಅಂತೀರಿ?

ಗಂಟೆ ಬಾರಿಸಿತು. ಮಾನ ಉಳಿಯಿತು.

ಮುಂದಿನ ಸೋಮವಾರ ಅವಳೇ ತಂದಳು ಉತ್ತರ,
ಅಥವಾ ಉತ್ತರದ ಸಾಮಾನು:
ಸೋದರಮಾವನ ಸುಣ್ಣದ ಬಟ್ಟಿಯಲ್ಲಿ ಎರಡು ರಾತ್ರಿ ಬೆಂದ
ಅದೇ ಕಲ್ಲಿನ ಒಂದು ಮೂಲೆ, ಊಟದ ಡಬ್ಬಿಯಲ್ಲಿ.
ಬಿಳಿಚಿಕೊಂಡಿತ್ತು. ಆಕಾರ ಹಾಗೇ ಇತ್ತು,
ತೂಕ ಮಾತ್ರ ಅರ್ಧಕ್ಕೆ ಹತ್ತಿರ ಎಲ್ಲೋ ಹೋಗಿತ್ತು.

ದೂರ ನಿಂತು ನೀರು ಹನಿಸಿದೆವು.
ಚುಯ್ ಎಂದು, ಬಿರಿದು, ಹಬೆಯಾಡಿ
ಸುಣ್ಣ ಅರಳಿತು.
ಹೂವಿಗೂ ಇದಕ್ಕೂ ಒಂದೇ ಮಾತು ಯಾರು ಇಟ್ಟರೋ,
ಕೈ ಸುಟ್ಟುಕೊಂಡವರೇ ಇಟ್ಟಿರಬೇಕು.

ತಿಳಿಯನ್ನು ಗಾಜಿನ ಲೋಟಕ್ಕೆ ಬಸಿದು
ಸೋಡಾ ಅಂಗಡಿಯ ಕೊಳವೆ ಕೊಟ್ಟೆ.
ಊದವ್ವ, ಮೆಲ್ಲಗೆ. ಒಳಗ ಎಳಕೋಬ್ಯಾಡ.
ಊದಿದಳು, ಊದಿದಳು,
ತಿಳಿನೀರು ಮಜ್ಜಿಗೆಯಾಯಿತು.

ಬಟ್ಟಿಯಲ್ಲಿ ಕಲ್ಲು ಬಿಟ್ಟುಕೊಟ್ಟದ್ದು ಏನೋ
ಅದು ನಿನ್ನ ಉಸಿರಿನಲ್ಲೂ ಇದೆ, ಅಂದೆ.
ಈಗ ವಾಪಸ್ ಕೊಟ್ಟೆ.
ತಳಕ್ಕೆ ಇಳಿಯುತ್ತದಲ್ಲ, ಅದು ಅದೇ ಕಲ್ಲು.

ಮೂರು ದಿನ ಕಿಟಕಿಯಲ್ಲಿ ಒಣಗಿ, ಒಂದು ಚಿಟಿಕೆ ಬಿಳಿ ಪುಡಿ.
ನಿಂಬೆ ಹನಿಸಿದರೆ ನೊರೆ ಬಂತು.
ಗೆದ್ದವಳಂತೆ ನಿಂತೆ.
ಸಾಬವ್ವ ಉಳಿದ ಪುಡಿಯನ್ನು ಅಂಗೈಗೆ ಸುರಿದುಕೊಂಡು
ಗೆಣ್ಣಿನಿಂದ ಎರಡು ಸಲ ಬಡಿದಳು.
ಕಿವಿ ಇಟ್ಟಳು.

ನಲವತ್ತೊಂದು ಜನ ಸುಮ್ಮನಾದೆವು.
ಹೊರಗೆ ಲಾರಿಯಿಂದ ಚಪ್ಪಡಿ ಇಳಿಸುತ್ತಿದ್ದರು,
ಒಂದೊಂದಾಗಿ, ಠಣ್, ಠಣ್,
ನಡುವೆ ಒಂದು ಬದ್ದ್.

ಅದನ್ನ ವಾಪಸ್ ಕಳಸ್ತಾರ್ರೀ,
ಅಂದಳು ಸಾಬವ್ವ, ತಲೆ ಎತ್ತದೆ.