ಸೈಕಲ್ ಪಂಪಿನ ಬಾಯಿ

ಗುಜರಿಯಲ್ಲಿ ಎಂಟುನೂರಕ್ಕೆ ಸಿಕ್ಕಿತ್ತು ಇಂಟರ್‌ಕೂಲರು.
ಗೋಣಿಚೀಲದಲ್ಲಿ ಸುತ್ತಿ, ಜ್ವರದ ಕೂಸನ್ನು ಒಯ್ಯುವವನ ಹಾಗೆ
ಕೌಲ್ ಬಜಾರಿಗೆ ತಂದೆ.
ಮೇ ತಿಂಗಳು. ಬೆಳಗಿನ ಹತ್ತೂವರೆಗೇ
ಬಳ್ಳಾರಿಯ ಕೋಟೆಗುಡ್ಡ ಕಾದ ಹೆಂಚು.

ಹೊನ್ನೂರಸಾಬ ಪಾನಾ ಕೆಳಗಿಟ್ಟ.
"ಯಾವ ಗಾಡಿಗೆ ಸಾರ್?"
ಹೊರಗೆ ನಿಂತ ನನ್ನ ಹಳೇ ಡೀಸೆಲ್ಲು ಕಾರು ತೋರಿಸಿದೆ.
ಬಾನೆಟ್ಟು ಎತ್ತಿ ತಲೆ ಒಳಗೆ ಹಾಕಿ
ಯಾರನ್ನೋ ಹುಡುಕುವಂತೆ ಬಹಳ ಹೊತ್ತು ನೋಡಿದ.
"ಟರ್ಬೊ ಎಲ್ಲೈತೆ?"
"ಇಲ್ಲ."
"ಮತ್ತೆ ಗಾಳಿ ಒತ್ತೋರ್ಯಾರು?"
"ಯಾರೂ ಇಲ್ಲ. ತಾನೇ ಉಸಿರು ಎಳಕೊಳ್ತದೆ."
"ಹಂಗಾದ್ರೆ ತಣ್ಣಗೆ ಮಾಡೋದು ಏನನ್ನ?"

ನಕ್ಕಿದ್ದರೆ ಸಿಟ್ಟು ಬರುತ್ತಿತ್ತು. ನಗಲಿಲ್ಲ.
ಮೂಲೆಯ ಸೈಕಲ್ ಪಂಪು ತಂದು
ಅದರ ಬಾಯಿಗೆ ನನ್ನ ಹೆಬ್ಬೆರಳು ಒತ್ತಿಸಿ
ಇಪ್ಪತ್ತು ಸಲ ಹೊಡೆದ.
"ಈಗ ಬುಡ ಮುಟ್ಟಿ."
ಮುಟ್ಟಿದೆ, ತಟ್ಟನೆ ಕೈ ತೆಗೆದೆ.

"ಬೆಂಕಿ ಹಚ್ಚಲಿಲ್ಲ, ಬಿಸಿಲಿಗೆ ಇಡಲಿಲ್ಲ,
ಬರೇ ಒತ್ತಿದ್ದು.
ಟರ್ಬೊದ್ದೂ ಇಷ್ಟೇ. ಹೊರಗೆ ಹೋಗೋ ಹೊಗೆ ಒಂದು ಚಕ್ರ ತಿರುಗಿಸಿದ್ರೆ
ಅದರ ಜೋಡಿ ಚಕ್ರ ಗಾಳಿ ತುರುಕ್ತೈತೆ.
ತುರುಕಿದ ಗಾಳಿ ಕಾಯ್ತೈತೆ, ನೂರು, ನೂರೈವತ್ತು.
ಕಾದ ಗಾಳಿ ಅಂದ್ರೆ ನಮ್ಮ ಓಣಿ ಮಾಳಿಗೆ ಸಾರ್, ಬ್ಯಾಸಿಗಿ ರಾತ್ರಿ.
ಒಬ್ಬೊಬ್ಬನಿಗೂ ಒಂದೊಂದು ಚಾಪೆ, ಕೈಕಾಲು ಚಾಚಿ,
ಮೈಗೆ ಮೈ ತಗಲಬಾರ್ದು. ನಾಲ್ಕು ಮಂದಿಗೇ ಮಾಳಿಗೆ ಭರ್ತಿ.
ಅದೇ ಸಂಕ್ರಾಂತಿ ಚಳಿಗೆ
ಒಂದೇ ಕೌದಿಯೊಳಗೆ ಎಂಟು ಜನ, ಮ್ಯಾಲೆ ಒಂದು ಬೆಕ್ಕು.
ಸಿಲಿಂಡರೇನು ಅಗಲ ಆಗಲ್ಲ.
ಗಾಳಿ ಒತ್ತೊತ್ತಾಗಿ ಕುಂತ್ರೆ ಮಾತ್ರ
ಡೀಸೆಲ್ಲಿಗೆ ಪೂರಾ ಉರಿಯೋಕೆ ಜೊತೆ ಸಿಗ್ತೈತೆ."

ಅಷ್ಟರಲ್ಲಿ ಓಬಳೇಶನ ಲಾರಿ ಬಂತು, ಸಂಡೂರಿನ ಅದಿರು ಇಳಿಸಿ.
ಏರಿನಲ್ಲಿ ಎಳೆಯುತ್ತಿಲ್ಲವಂತೆ, ಕರೀ ಹೊಗೆಯಂತೆ.
ಮುಂದಿನ ಜಾಲರಿ ಬಿಚ್ಚಿದರೆ
ಇಂಟರ್‌ಕೂಲರಿನ ರೆಕ್ಕೆರೆಕ್ಕೆಯ ಸಂದಿಗೂ ಕೆಮ್ಮಣ್ಣು,
ಯಾರೋ ಬೆರಳಿಂದ ಮೆತ್ತಿದ ಹಾಗೆ.
ಪೈಪು ಹಿಡಿದ. ಚರಂಡಿಗೆ ಎಲೆಯಡಿಕೆ ಉಗಿದಂಥ ನೀರು,
ಆಮೇಲೆ ಗುಲಾಬಿ, ಆಮೇಲೆ ಬರೀ ನೀರು.
ಗಾಳಿಯ ಪೈಪಿಗೆ ಸಾಬೂನು ನೊರೆ ಸವರಿ
ಒತ್ತಡ ಕೊಟ್ಟು ಕಾದ.
ಕ್ಲಾಂಪಿನ ಪಕ್ಕ ಒಂದು ಗುಳ್ಳೆ ಮೆಲ್ಲಗೆ ಉಬ್ಬಿತು,
ಒಡೆಯಿತು, ಮತ್ತೆ ಉಬ್ಬಿತು.
"ಇಲ್ನೋಡು, ನಿನ್ನ ಏರು ಇಲ್ಲಿ ಸೋರ್ತಾ ಐತೆ."

"ಇದೂ ದೇವರೇನಲ್ಲ ಸಾರ್," ನನ್ನ ಕಡೆ ತಿರುಗಿದ.
"ಹೊರಗೆ ನಲವತ್ತೆರಡು ಇದ್ರೆ
ಅದಕ್ಕಿಂತ ಕೆಳಗೆ ಇಳಿಸೋಕೆ ಇದರಪ್ಪನ ಕೈಲೂ ಆಗಲ್ಲ.
ರೈಲ್ವೆ ಗೇಟಿನಲ್ಲಿ ನಿಂತ್ರೆ ಇದೂ ಕೂತಲ್ಲೇ ಬೇಯ್ತೈತೆ.
ಮುಖಕ್ಕೆ ಗಾಳಿ ಬಡೀತಿರಬೇಕು."

ಕರೆಂಟು ಹೋದ ದೂರು ಬರೆದುಕೊಳ್ಳುವ ಕೌಂಟರು ನನ್ನದು,
ಆರು ಬೇಸಿಗೆ ಆಯಿತು.
ಒಂದು ಕಿಟಕಿಯಿಂದ ಒತ್ತಿಕೊಂಡು ಬರುವ ಗಂಟಲುಗಳು,
ಇನ್ನೊಂದು ಬಾಗಿಲಾಚೆ, ಕಿಡಿ ಬಿದ್ದರೆ ಸಾಕು ಅನ್ನುವ ಲೈನ್‌ಮನ್ನರು.
"ನಿನ್ನ ಅಪ್ಪನ ಮನೆ ಕರೆಂಟೇನೋ" ಅಂದದ್ದನ್ನು
"ಎರಡನೇ ಅಡ್ಡರಸ್ತೆ, ಫ್ಯೂಸು" ಅಂತ ಬರೆದು ದಾಟಿಸುತ್ತೇನೆ.
ಫ್ಯಾನು ಮಾತ್ರ ಸಾಹೇಬರ ತಲೆಯ ಮೇಲೆ.
ಇದನ್ನು ಹೊನ್ನೂರಸಾಬನಿಗೆ ಹೇಳಲಿಲ್ಲ.

ಹೇಳಿದ್ದು: "ಇದನ್ನ ಏನು ಮಾಡಲಿ?"
ಗೋಣಿಚೀಲ ಸರಿಸಿ, ತಟ್ಟಿ, ಕಿವಿಗೊಟ್ಟು,
"ಆರುನೂರು ಕೊಡ್ತೀನಿ. ಯಾರದಾದ್ರೂ ಟರ್ಬೊ ಗಾಡಿಗೆ ಬರ್ತೈತೆ.
ನಿಮ್ಮ ಕಾರಿಗೆ ಏರ್ ಫಿಲ್ಟರ್ ಬದಲಿಸ್ರಿ, ನೂರಾ ಎಂಬತ್ತು."
ಬದಲಿಸಿದ. ಹಳೆಯದನ್ನು ನೆಲಕ್ಕೆ ಬಡಿದಾಗ
ಒಂದು ಸಣ್ಣ ಕೆಂಪು ಮೋಡ.

ಮಧ್ಯಾಹ್ನದ ಪಾಳಿಗೆ ಕೂತು ರಿಜಿಸ್ಟರು ತೆರೆದೆ.
ಹೆಬ್ಬೆರಳ ಮೇಲೆ
ಪಂಪಿನ ಬಾಯಿಯ ದುಂಡನೆ ಗುರುತು
ಇನ್ನೂ ಇತ್ತು.