ಮದುವೆಯ ಡಬ್ಬಿ

"ಯಾರ ಮದುವೆ?" ಎಂದ ದುಹೋಕಿನ ಅಂಗಡಿಯವ.
"ನಂದೇ" ಎಂದ ರೇಬಾರ್.
ಹೋದ ತಿಂಗಳೂ ಅವನದೇ ಆಗಿತ್ತು,
ಅದರ ಹಿಂದಿನ ತಿಂಗಳೂ.
ಎರಡು ಡಜನ್ ಡಬ್ಬಿ. ಮೂತಿ ಒತ್ತಿದರೆ
ಗುಲಾಬಿ ನೂಲು ನೊರೆನೊರೆಯಾಗಿ ಚಿಮ್ಮುವಂಥವು,
ಮದುಮಕ್ಕಳ ತಲೆಗೆ ಹುಡುಗರು ಎರಚುವಂಥವು.
ಚಿಲ್ಲರೆ ಎಣಿಸುತ್ತ ಅಂಗಡಿಯವ ನೋಡಿದ:
ಎಡಗೈಯಲ್ಲಿ ಮೂರೇ ಬೆರಳು. ಉಂಗುರದ ಬೆರಳಿಲ್ಲ.
ಮತ್ತೆ ಕೇಳಲಿಲ್ಲ.
ಒಂದು ಡಬ್ಬಿ ಹೆಚ್ಚಿಗೆ ಹಾಕಿದ.

ನಮ್ಮ ತುಕಡಿಗೆ ಕೊಟ್ಟದ್ದು ಒಂದೇ ಶೋಧಕ ಯಂತ್ರ.
ಮೊಳೆ ಕಂಡರೆ ಕೂಗುತ್ತಿತ್ತು, ಚಮಚ ಕಂಡರೆ ಕೂಗುತ್ತಿತ್ತು,
ಸತ್ತ ಕುರಿಯ ಕೊರಳ ಗಂಟೆಗೂ ಕೂಗಿ
ಒಂದು ದಿನ ಯಾವುದಕ್ಕೂ ಕೂಗದೆ ಸುಮ್ಮನಾಯಿತು.
ಆಮೇಲೆ ರೇಬಾರನ ಚೀಲವೇ ಗತಿ:
ಮೀನಿನ ಗಾಳ, ನೂರು ಮಾರು ನೈಲಾನ್ ದಾರ,
ಸೆಲ್ಫಿ ಕೋಲು, ಅದರ ತುದಿಗೆ ಬಿರುಕುಬಿಟ್ಟ ನನ್ನ ಫೋನು,
ಕಿಟಕಿಯೊಳಗೆ ನಮಗಿಂತ ಮೊದಲು ಕತ್ತು ಹಾಕಲು;
ಮಗನ ಹಳದಿ ಲಾರಿ, ರಿಮೋಟಿನದು.
ಮಗ ಫೋನಲ್ಲಿ ಕೇಳಿದಾಗಲೆಲ್ಲ
"ರಿಪೇರಿಗೆ ಕೊಟ್ಟಿದ್ದೀನಿ ಕಣೋ."

ಯುದ್ಧಕ್ಕೆ ಮುಂಚೆ ಅವ ಫ್ರಿಜ್ ರಿಪೇರಿಯವ.
"ಆಗ ಕೆಟ್ಟದ್ದನ್ನ ನಡೆಯೋ ಹಾಗೆ ಮಾಡ್ತಿದ್ದೆ,
ಈಗ ನಡೆಯೋದನ್ನ ಕೆಡಿಸ್ತೀನಿ.
ಕೂಲಿ ಆಗಲೇ ಜಾಸ್ತಿ ಇತ್ತು."

ಬಾಶೀಕಾದಾಚೆ ಆ ಹಳ್ಳಿ. ಓಡಿಹೋದವರು
ಹೋಗುವ ಮುನ್ನ ಮನೆಮನೆಗೂ ಏನಾದರೊಂದು ಬಿಟ್ಟಿದ್ದರು,
ತೊಟ್ಟಿಲಿಗೆ, ಒಲೆಗೆ, ಕುರ್ಚಿಯ ಕಾಲಿಗೆ.
ಹೊಸ್ತಿಲಲ್ಲಿ ಅಂಗಾತ ಮಲಗಿ ರೇಬಾರ್
ಕತ್ತಲಿಗೆ ಡಬ್ಬಿ ಹಿಡಿದು ಒತ್ತುತ್ತಿದ್ದ. ಸುಯ್ಯ್.
ನನಗೆ ಕಲಿಸಿದ್ದು ಎರಡೇ ಮಾತು:
ನೆಲಕ್ಕೆ ಬಿದ್ದರೆ ಬಾ.
ತೂಗಿದರೆ ನಿಲ್ಲು.

ಹತ್ತೊಂಬತ್ತನೇ ಮನೆ, ಮುದುಕಿ ಬಫ್ರೀನಳದು.
ಅವಳು ದೂರದ ಆಲಿವ್ ಮರದಡಿ ಕೂತು
ನಾವು ಅವಳ ಕೋಳಿ ಕದಿಯುತ್ತಿದ್ದೇವೆಂಬಂತೆ ನೋಡುತ್ತಿದ್ದಳು.
ಮೊದಲ ಕೋಣೆ: ಬಿತ್ತು. ಎರಡನೆಯದು: ಬಿತ್ತು.
ಅಡುಗೆಮನೆಯಲ್ಲಿ
ಎದೆಯೆತ್ತರಕ್ಕೆ, ಗಾಳಿಯಲ್ಲೇ,
ಗುಲಾಬಿ ನೂಲು ನಿಂತುಬಿಟ್ಟಿತು.

ಮೂರು ಗಂಟೆ.
ಗಾಳ ಹಾಕಿದೆವು, ಲಾರಿ ಬಿಟ್ಟೆವು,
ಲಾರಿ ಒಂದು ಈರುಳ್ಳಿಗೆ ಸಿಕ್ಕಿ ಮಗುಚಿ
ಚಕ್ರ ತಿರುಗಿಸುತ್ತಲೇ ಇತ್ತು.
ರೇಬಾರನ ಬೆವರು ಹುಬ್ಬಿನ ತುದಿಯಲ್ಲಿ ಕೂತದ್ದು ಇಳಿಯಲೇ ಇಲ್ಲ.
ಎರಡೂ ಗೋಡೆ ಬೆರಳಲ್ಲಿ ಓದಿ, ಕೊನೆಗೆ
ದಾರದ ಆಚೆ ತುದಿಯಲ್ಲಿ ಸಿಕ್ಕಿದ್ದು:
ಒಣಗಿ ಕಪ್ಪಾದ ಒಂದು ಬೆಂಡೆಕಾಯಿ.

ಚಳಿಗಾಲಕ್ಕೆಂದು ಮುದುಕಿ ಪೋಣಿಸಿದ ಸರ.
ಮಿಕ್ಕದ್ದು ಇಲಿ ತಿಂದಿದೆ, ಇಲ್ಲ ಅವರೇ ತಿಂದಿದ್ದಾರೆ.
ನನಗೆ ನಗು ಉಕ್ಕಿತು, ತಡೆಯಲಾರದಷ್ಟು.
ಅವ ನಗಲಿಲ್ಲ. ದಾರ ಕತ್ತರಿಸಿದ್ದ ಜಾಗದಲ್ಲಿ
ಗಂಟು ಹಾಕಿ, ಎಳೆದು ನೋಡಿ,
ಮೊದಲಿದ್ದ ಮೊಳೆಗೇ ಕಟ್ಟಿದ.
"ಬೆಂಡೆಕಾಯಿ ಕಾಲ ಬರುತ್ತೆ" ಎಂದ.

ಇಪ್ಪತ್ತನೇ ಮನೆಯ ವಿಷಯ ನಾನು ಹೇಳುವುದಿಲ್ಲ.

ಹೋದ ವಸಂತದಲ್ಲಿ ನನ್ನ ಮದುವೆ.
ದಫ್ ಬಾರಿಸುತ್ತಿದ್ದರು. ಕೈ ಕೈ ಹಿಡಿದು ಸಾಲು ಕುಣಿಯುತ್ತಿತ್ತು.
ರೇಬಾರನ ಮಗ, ಮೀಸೆ ಚಿಗುರುತ್ತಿರುವ ಹುಡುಗ,
ಎಲ್ಲಿಂದಲೋ ಡಬ್ಬಿ ತಂದು
ನಮ್ಮಿಬ್ಬರ ಮೇಲೆ ಒತ್ತಿದ. ಸುಯ್ಯ್.
ಎಲ್ಲ ನೆಲಕ್ಕೆ ಬಿತ್ತು. ಒಂದೆಳೆ ಮಾತ್ರ
ಅವಳ ಓಲೆಯಿಂದ ನನ್ನ ಹೆಗಲಿಗೆ
ತೂಗಿತು.

ನಿಂತೆ.
ಇಡೀ ಸಾಲು ನನಗೆ ಡಿಕ್ಕಿ ಹೊಡೆದು ನಿಂತಿತು.
ದಫ್ಫೂ ನಿಂತಿತೇನೋ, ಕೇಳಲಿಲ್ಲ.
ಉಸಿರು ಬಿಡಬೇಡ ಎಂದು ಅವಳಿಗೆ ಕಣ್ಣಲ್ಲೇ ಹೇಳುತ್ತಿದ್ದೆ.

ಅವಳು ಕೈಯೆತ್ತಿ
ಅದನ್ನು ಕಿತ್ತಳು,
ಬೆರಳಿಗೆ ಸುತ್ತಿಕೊಂಡಳು,
"ಅಂಟು" ಎಂದಳು.