ಬೀಳೂ ಪಾಠ

ನವನಗರದಾಗ ಇನ್ನೂ ಮನಿ ಏಳದ ಒಂದು ಸೆಕ್ಟರ್ ಐತಿ.
ನಂಬರ್ ಕಲ್ಲು ಅದಾವು, ಗಟಾರ ಐತಿ, ಲೈಟಿನ ಕಂಬ ಅದಾವು.
ಮಂದಿ ಇಲ್ಲ. ಜಾಲಿ ಐತಿ.

ಐತವಾರ ಮುಂಜಾನೆ ಆರಕ್ಕ
ಟಂಟಂದಾಗ ಎರಡು ಸಣ್ಣ ಗಾಡಿ ಹೇರಿಕೊಂಡು ಬರತೀನಿ.
ಒಂದು ಹುಬ್ಬಳ್ಳಿಂದ ತಂದದ್ದು, ಸೆಕೆಂಡ್ ಹ್ಯಾಂಡ್, ಐವತ್ತು ಸಿಸಿ.
ಇನ್ನೊಂದು ನಾನ ಕಟ್ಟಿದ್ದು:
ಹಾಲು ಹಾಕೂ ಸಂಗಪ್ಪನ ಮೊಪೆಡ್ಡಿನ ಇಂಜಿನ್,
ಸೈಕಲ್ಲಿಗಿಂತ ಚೂರು ದಪ್ಪ ಗಾಲಿ,
ಮೈತುಂಬ ಡಿಪೋದ ಹಳದಿ ಬಣ್ಣ.
ಬಣ್ಣ ಉಳಿದಿತ್ತು. ಯಾರೂ ಕೇಳಲಿಲ್ಲ.

ಆರು ದಿನ ಬಸ್ಸಿನ ಹೊಟ್ಟಿ ಕೆಳಗ ಮಲಗಾಕಿ ನಾನು,
ಡಿಪೋದಾಗ ಸ್ಪ್ಯಾನರ್ ಹಿಡದ ಒಬ್ಬಾಕಿನ ಹೆಂಗಸು.
ಏಳನೇ ದಿನ ಕಾಶಕ್ಕ.

ಮೊದಲನೇ ವಾರ ಗಾಡಿ ಮುಟ್ಟಾಂಗಿಲ್ಲ.
ಹೊಟ್ಟು ತುಂಬಿದ ಚೀಲದ ಮ್ಯಾಲೆ ಬೀಳೂದು ಕಲೀಬೇಕು.
ಬಿದ್ದ ಕೂಡ್ಲೇ ಏಳಬ್ಯಾಡ್ರಿ. ಆಕಾಶ ನೋಡ್ರಿ.
ಹತ್ತು ಎಣಸ್ರಿ. ಬಟ್ಟು ಆಡಸ್ರಿ, ಕೈದು, ಆಮ್ಯಾಲೆ ಕಾಲಿಂದು.
ಹೆಸರು ಹೇಳ್ರಿ, ಇವತ್ತ ಏನು ತಿಂದು ಬಂದ್ರಿ ಹೇಳ್ರಿ.
ಮತ್ತೊಬ್ಬರು ಬಿದ್ದರ ಓಡಿ ಬರಬ್ಯಾಡ್ರಿ:
ಮೊದಲ ನಿಮ್ಮ ಗಾಡಿ ನಿಲ್ಲಸ್ರಿ,
ಪೆಟ್ರೋಲ್ ಬಂದ್ ಮಾಡ್ರಿ,
ಆಮ್ಯಾಲೆ ನಡದು ಬರ್ರಿ.

ತನುಜಾನ ಅವ್ವ ಕೇಳಿದಳು:
ಬೀಳೂದು ಕಲಸಾಕ ರೊಕ್ಕ ತಗೋತೀರೇನ್ರಿ?
ಹೌದ್ರಿ ಅಂದೆ. ಓಡಸೂದು ಫ್ರೀ.

ಎಕ್ಸಲೇಟರ್ ಅಂದ್ರ,
ಹಾಲು ಉಕ್ಕೂ ಮುಂದ ಗ್ಯಾಸಿನ ಕಿವಿ ತಿರುವತಾರಲ್ಲ, ಅಷ್ಟ.
ನಮ್ಮನ್ಯಾಗ ಹಾಲು ದಿನಾ ಉಕ್ಕತೈತ್ರಿ, ಅಂದ ರೇಹಾನ್,
ಅಂದಾವನ ನೆಟ್ಟಗ ಜಾಲಿಯೊಳಗ ಹೋದ.
ಮುಳ್ಳು ತಗಿಯೂತನಕ ಎಲ್ಲಾರಿಗೂ ಅದ ಪಾಠ:
ಕಣ್ಣು ಎಲ್ಲಿ, ಗಾಲಿ ಅಲ್ಲಿ.
ಕಲ್ಲು ನೋಡಿದ್ರ ಕಲ್ಲಿಗೇ ಹೋಗತೀರಿ,
ದಾರಿ ನೋಡ್ರಿ.

ಮೂರನೇ ತಿರುವು ಬರೂದು ನನ್ನ ಸೈಟಿನಾಗ.
ಹಳೇ ಊರಿನ ಮನಿ ನೀರಿಗೆ ಹೋದಾಗ ಅಪ್ಪಗ ಕೊಟ್ಟದ್ದು, ನಂಬರ್ ನೂರಾ ಹದಿನೆಂಟು.
ನಕಾಶಿಯೊಳಗ ಅಡಿಗಿಮನಿ ಇರೂ ಜಾಗಾದಾಗ
ಒಂದೂವರೆ ಫೂಟು ಮಣ್ಣಿನ ದಿಬ್ಬ ಹಾಕೀನಿ.
ಹುಡುಗೂರು ಅಲ್ಲಿ ಹಾರತಾರ.

ಕಲ್ಮೇಶಗ ಆರು ವರ್ಷ. ಮಾತಿಲ್ಲ.
ತಲಿಗೆ ಸರಿ ಕೂಡೂ ಹೆಲ್ಮೆಟ್ ಬೆಳಗಾವಿಂದ ಬರೂತನಕ
ಮೂರು ಐತವಾರ ಕಟ್ಟಿ ಮ್ಯಾಲೆ ಕುಂತ.
ನಿಂತ ಗಾಡಿಯ ಟಾಕಿ ಮ್ಯಾಲೆ ಕೈ ಇಟ್ಟು
ಅದು ತಣ್ಣಗಾಗೂದನ್ನ ನೋಡತಿದ್ದ.
ಕಲೀತಿದ್ದನೋ ಇಲ್ಲೋ, ದೇವರಿಗೆ ಗೊತ್ತು.

ನಾಕನೇ ವಾರ ಹಳದಿ ಗಾಡಿ ಹತ್ತಿಸಿದೆ.
ಹಿಂದಿನ ಕಂಬಿಗೆ ಹಗ್ಗ ಕಟ್ಟಿ, ತುದಿ ನಾನು ಹಿಡದು
ಬೆನ್ನತ್ತಿ ಓಡಿದೆ.
ಒಂದನೇ ತಿರುವು. ಎರಡನೇ ತಿರುವು.
ಏನು ಹೋದಾ ಅಂತೀರಿ!
ಹೆಗಲು ಸಡಿಲ, ಗದ್ದ ಮ್ಯಾಲೆ, ಕಣ್ಣು ದೂರ.
ನಾ ಅವನ ಬೆನ್ನ ನೋಡಕೋತ ಓಡಿದೆ,
ಆಮ್ಯಾಲೆ, ಯಾಕೋ, ಕಲ್ಲು ನೋಡಿದೆ.
ನನ್ನ ಸೈಟಿನ ಕಲ್ಲು.
ಕಲ್ಲಿಗೇ ಹೋದೆ.

ಹಗ್ಗ ಕೈ ಬಿಟ್ಟಿತು.
ಮಕಾಡಿ ಬಿದ್ದಾಕಿ ಹೊಳ್ಳಿ ಅಂಗಾತಾದೆ.
ಗಾಡಿ ಸಪ್ಪಳ ಇನ್ನೂ ಇತ್ತು,
ದಿಬ್ಬದ ಆ ಕಡೆ ಹೋತು,
ನಿಂತಿತು.

ಬಂದ. ಓಡಲಿಲ್ಲ, ನಡದು ಬಂದ.
ಹೆಲ್ಮೆಟ್ಟಿನ ಒಳಗಿಂದ ಒಂದು ದನಿ, ನಾ ಎಂದೂ ಕೇಳದ್ದು:
ಏಳಬ್ಯಾಡ್ರಿ ಕಾಶಕ್ಕ. ಎಣಸ್ರಿ.

ಎಣಿಸಿದೆ. ನಾಕಕ್ಕ ನಗು ಬಂತು.
ನಗಬ್ಯಾಡ್ರಿ, ಬಟ್ಟು ಆಡಸ್ರಿ.
ಆಡಿಸಿದೆ. ಮೊಣಕಾಲಾಗ ರಕ್ತ ಇಳೀತಿತ್ತು,
ಅದನ್ನ ನೋಡಿ ಅವನ ತುಟಿ ನಡಗಿತು,
ಆದರೂ ಬಿಡಲಿಲ್ಲ:
ಏನು ತಿಂದು ಬಂದ್ರಿ?

ಚಾ ಅಂದೆ. ಪೆಟ್ರೋಲ್?
ಬಂದ್ ಮಾಡೀನ್ರಿ.

ಹತ್ತು ಆತು. ಏಳಬಹುದಿತ್ತು.
ಉಳಿದವರು ಗಾಡಿ ನಿಲ್ಲಿಸಿ ಒಬ್ಬೊಬ್ಬರ ನಡದು ಬರತಿದ್ದರು.
ಇನ್ನೊಂದೀಟು ಮಲಗಿದೆ.
ನನ್ನ ಅಡಿಗಿಮನ್ಯಾಗ ಅಂಗಾತ ಬಿದ್ದು
ಆಕಾಶ ನೋಡಿದ್ದು
ಅದ ಮೊದಲು.